ಯಂತ್ರದ ತೀರ್ಮಾನಕ್ಕೂ ಜಮಾಬಂದಿ ಆಗಲಿ

ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ಹತ್ತಿ ಮೈಸೂರಿಗೆ ಹೋಗಿ, ಬಾಡಿಗೆ ಕೋಣೆ ಹಿಡಿದು, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ತಾಯಿ ಊರಲ್ಲೇ ಇದ್ದಾರೆ. ಒಂದು ದಿನ ಇದ್ದಕ್ಕಿದ್ದಂತೆ ಹುಡುಗನ ಆ್ಯಪ್‌ಗೆ ಆರ್ಡರ್ ಬರುವುದು ನಿಲ್ಲುತ್ತದೆ. ಅದೇ ತಿಂಗಳು ತಾಯಿಯ ಖಾತೆಗೆ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯೂ ಬರುವುದಿಲ್ಲ. ಎರಡು ಕಡೆಯೂ ಫೈಲು ನೋಡಿ ಸಹಿ ಹಾಕಿದವರು ಯಾರೂ ಇಲ್ಲ. ತಂತ್ರಾಂಶವೊಂದು ಲೆಕ್ಕ ಹಾಕಿತು, ಕೈಬಿಟ್ಟಿತು. ಮಗನಿಗೆ ಏಕೆ ಹೀಗಾಯಿತೆಂದು ಕೇಳುವ ಹಕ್ಕನ್ನು ಕರ್ನಾಟಕ ಹೊಸ ಕಾಯ್ದೆಯಲ್ಲಿ ಬರೆದುಕೊಟ್ಟಿದೆ. ತಾಯಿಗಾಗಿ ಅಂಥದ್ದೊಂದು ಕಾಯ್ದೆ ಇಲ್ಲ.

ಆ ಕಾಯ್ದೆಯ ಹೆಸರು ಕರ್ನಾಟಕ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾಯ್ದೆ, 2025. ಮೇ 27ರಂದು ಸುಗ್ರೀವಾಜ್ಞೆಯಾಗಿ ಹೊರಬಂದು, ಅದೇ ವರ್ಷದ ಮಳೆಗಾಲದ ಅಧಿವೇಶನದಲ್ಲಿ ಒಪ್ಪಿಗೆ ಪಡೆಯಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂಬ ಅಂಶವೇ ಹೆಚ್ಚು ಸುದ್ದಿಯಾಯಿತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಅದರೊಳಗಿನ ಇನ್ನೊಂದು ಮಾತು. ಕಾರ್ಮಿಕನ ಮೇಲೆ ಕಣ್ಣಿಡುವ, ಅವನಿಗೆ ಅಂಕ ಕೊಡುವ, ಕೆಲಸ ಹಂಚುವ ಸ್ವಯಂಚಾಲಿತ ವ್ಯವಸ್ಥೆ ಯಾವುದರ ಮೇಲೆ ನಡೆಯುತ್ತದೆ ಎಂದು ತಿಳಿದುಕೊಳ್ಳುವ ದಾರಿಯನ್ನು ಅವನಿಗೆ ಸರಳ ಭಾಷೆಯಲ್ಲಿ ಹೇಳಬೇಕು. ಆ ವ್ಯವಸ್ಥೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು, ಅಂಗವೈಕಲ್ಯದ ಕಾರಣಕ್ಕೆ ಭೇದ ಮಾಡದಂತೆ ಕಂಪನಿ ನೋಡಿಕೊಳ್ಳಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣದೊಂದಿಗೆ 14 ದಿನ ಮುಂಚೆ ತಿಳಿಸಬೇಕು. ಅಲ್ಗಾರಿದಮ್ಮಿಗೆ ಕನ್ನಡ ನಾಡಿನಲ್ಲಿ ಕಾನೂನಿನ ಅಂಕುಶ ಬಿದ್ದದ್ದು ಹೀಗೆ. ಇದನ್ನು ತಂದ ಸರ್ಕಾರ ಅಭಿನಂದನೆಗೆ ಅರ್ಹ. ಆದರೆ ಖಾಸಗಿ ಕಂಪನಿಗೆ ಹಾಕಿದ ಅದೇ ಶರತ್ತನ್ನು ಸರ್ಕಾರ ತನ್ನ ತಂತ್ರಾಂಶಗಳಿಗೂ ಹಾಕಿಕೊಳ್ಳಬೇಡವೇ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದರೆ ಹೊಗೆಸೊಪ್ಪು, ಭತ್ತ, ರಾಗಿ, ಶುಂಠಿಯ ಸೀಮೆ. ಇಲ್ಲಿ ಅಲ್ಗಾರಿದಮ್ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ನ್ಯಾಯಬೆಲೆ ಅಂಗಡಿಯಲ್ಲೇ ಇದೆ. ಹೆಬ್ಬೆಟ್ಟು ಒತ್ತಿಸುವ ಯಂತ್ರ ಹೌದೆಂದರೆ ಅಕ್ಕಿ, ಇಲ್ಲವೆಂದರೆ ನಾಳೆ ಬನ್ನಿ. ಗ್ರಾಮ ಒನ್ ಕೇಂದ್ರದಲ್ಲಿ ದಿನಕ್ಕೆ ಹತ್ತಾರು ಸಲ ಕೇಳುವ ಮಾತು ‘ಸಿಸ್ಟಮ್ ತಗೊಳ್ತಿಲ್ಲ ಕಣಮ್ಮ’. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿಯಿಂದ ಹಾಜರಿ ಹಾಕುವ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ದಿನಕ್ಕೆರಡು ಫೋಟೊ ಏರದಿದ್ದರೆ ಹಾಜರಿ ಸಿಗದು, ಹಾಜರಿ ಸಿಗದಿದ್ದರೆ ಕೂಲಿ ಇಲ್ಲ. ಅಂಗನವಾಡಿಯಿಂದ ಗರ್ಭಿಣಿಯರು, ಬಾಣಂತಿಯರು ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈ 1ರಿಂದ ಪೋಷಣ್ ಟ್ರ್ಯಾಕರ್‌ನಲ್ಲಿ ಮುಖ ಗುರುತಿಸುವಿಕೆ ಕಡ್ಡಾಯ. ಬರ ಪರಿಹಾರ ರೈತನ ಖಾತೆಗೆ ಬರಬೇಕಾದರೆ ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಬೇಕು. ಇವೆಲ್ಲದರ ಜೊತೆಗೆ ರೇಷನ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಪಹಣಿಗಳನ್ನು ಒಂದಕ್ಕೊಂದು ಹೊಂದಿಸಿ, ಯಾರು ಅರ್ಹರು ಎಂದು ಹೇಳುವ ‘ಕುಟುಂಬ’ ಎಂಬ ದತ್ತಾಂಶ ವ್ಯವಸ್ಥೆ ರಾಜ್ಯಕ್ಕಿದೆ.

ಇವೆಲ್ಲ ಕೃತಕ ಬುದ್ಧಿಮತ್ತೆ ಅಲ್ಲ ಎಂಬ ತಕರಾರು ನ್ಯಾಯವಾದದ್ದೇ. ಮುಖ ಗುರುತಿಸುವುದು ಆ ಜಾತಿಗೆ ಸೇರಿದ್ದು. ಉಳಿದವು ಬಹುಪಾಲು ಎರಡು ಪಟ್ಟಿಗಳನ್ನು ಹೋಲಿಸಿ ನೋಡುವ ಸಾದಾ ತಂತ್ರಾಂಶಗಳು. ಆದರೆ ಅಕ್ಕಿ ಸಿಗದೆ ಹಿಂತಿರುಗಿದವರಿಗೆ ಆ ವ್ಯತ್ಯಾಸದಿಂದ ಏನೂ ಆಗಬೇಕಾದ್ದಿಲ್ಲ. ಅಲ್ಲದೆ ನಿಜವಾದ ಕೃತಕ ಬುದ್ಧಿಮತ್ತೆ ದೂರವೂ ಇಲ್ಲ. ಉದ್ಯೋಗ ಖಾತರಿಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ತಂದ ‘ವಿಬಿ–ಜಿ ರಾಮ್ ಜಿ’ ಕಾಯ್ದೆಯಲ್ಲಿ ಬಯೊಮೆಟ್ರಿಕ್ ದೃಢೀಕರಣದ ಜೊತೆಗೆ, ಯೋಜನೆ ರೂಪಿಸಲು, ಪರಿಶೋಧನೆ ಮಾಡಲು, ವಂಚನೆ ಹಿಡಿಯಲು ಕೃತಕ ಬುದ್ಧಿಮತ್ತೆಯ ಬಳಕೆಗೂ ಜಾಗ ಮಾಡಲಾಗಿದೆ. ಇಂದು ಪಟ್ಟಿ ಹೋಲಿಸುವ ಯಂತ್ರ ನಾಳೆ ಯಾರ ಮೇಲೆ ಅನುಮಾನ ಪಡಬೇಕೆಂದು ತಾನೇ ಹೇಳತೊಡಗುತ್ತದೆ.

ಯಂತ್ರಕ್ಕೆ ಜಾತಿ ಗೊತ್ತಿಲ್ಲ, ಹಾಗಾದರೆ ಪಕ್ಷಪಾತ ಹೇಗೆ ಬರುತ್ತದೆ? ಇದಕ್ಕೆ ಉತ್ತರ ಬೇಕಾದರೆ ಎಚ್.ಡಿ. ಕೋಟೆ, ಸರಗೂರು ತಾಲ್ಲೂಕುಗಳ ಹಾಡಿಗಳಿಗೆ ಹೋಗಬೇಕು. ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ಇರುವ ನೂರಕ್ಕೂ ಹೆಚ್ಚು ಹಾಡಿಗಳು ಇಲ್ಲಿವೆ. ನಾಗರಹೊಳೆ ಕಾಡಿನಿಂದ ಎಬ್ಬಿಸಿದ ಆದಿವಾಸಿ ಕುಟುಂಬಗಳು 3,418 ಎಂದು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಲೆಕ್ಕ ಕೊಟ್ಟಿತು. ಕಾಗದವನ್ನೇ ಕೊಡದೆ ಎಬ್ಬಿಸಿದ ಜನರನ್ನು ಲೆಕ್ಕಕ್ಕೆ ಹಿಡಿಯಲು ಒಂದು ಸಮಿತಿಯೇ ಬೇಕಾಯಿತು. ಕಾಗದದಲ್ಲಿ ಇಲ್ಲದವರು ಕಂಪ್ಯೂಟರಿನಲ್ಲಿ ಎಲ್ಲಿಂದ ಬರಬೇಕು? ಪಹಣಿಯಿಂದ ಎಫ್‌ಐಡಿ, ಎಫ್‌ಐಡಿಯಿಂದ ಪರಿಹಾರ ಎಂಬ ಸರಪಳಿಯಲ್ಲಿ ಪಹಣಿ ಇಲ್ಲದವನು ಮೊದಲ ಕೊಂಡಿಯಲ್ಲೇ ಕಳಚಿಕೊಳ್ಳುತ್ತಾನೆ. ಅವನನ್ನು ಬಿಡು ಎಂದು ಯಾರೂ ಬರೆದಿಲ್ಲ, ಬಿಟ್ಟುಹೋಯಿತು ಅಷ್ಟೆ.

ಕಾಫಿ ಕೊಯ್ಲಿನ ಹಂಗಾಮಿನಲ್ಲಿ ಹಾಡಿಗಳ ಎಷ್ಟೋ ಮನೆಗಳಿಗೆ ಬೀಗ. ಸಂಸಾರ ಸಮೇತ ಕೊಡಗಿನ ತೋಟದ ಲೈನ್‌ಮನೆಗೆ ಹೋಗಿರುತ್ತಾರೆ. ಇ-ಕೆವೈಸಿಗೆ ಕೊನೆಯ ದಿನ ಆ ತಿಂಗಳಲ್ಲಿ ಬಿದ್ದರೆ ಊರವರೆಲ್ಲ ಮುಗಿಸಿರುತ್ತಾರೆ, ಹಾಡಿಯವರು ಉಳಿದಿರುತ್ತಾರೆ. ಮುಳ್ಳು ಕಡಿದು, ಮಣ್ಣು ಅಗೆದು, ಸೊಪ್ಪು ಪೋಣಿಸಿ ಸವೆದ ಬೆರಳಿನ ಗೆರೆಯನ್ನು ಯಂತ್ರ ಓದುವುದಿಲ್ಲ. ಮೇಜಿನ ಮುಂದೆ ಕೂತು ಕೆಲಸ ಮಾಡುವವರ ಬೆರಳನ್ನು ಮೊದಲ ಸಲಕ್ಕೇ ಓದುತ್ತದೆ. ಕಾಡಂಚಿನಲ್ಲಿ ಸಿಗ್ನಲ್ ಸಿಗದ ಕಡೆ ಮುಖ ತೋರಿಸಿದರೂ ಫೋಟೊ ಏರುವುದಿಲ್ಲ. ಹೆಸರಿನ ಕಷ್ಟ ಇನ್ನೊಂದು. ಕಾಳಮ್ಮ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಆಧಾರ್‌ನಲ್ಲಿ ಒಂದು ‘ಎ’, ಬ್ಯಾಂಕಿನಲ್ಲಿ ಎರಡು ‘ಎ’ ಬಿದ್ದರೆ ತಂತ್ರಾಂಶದ ಲೆಕ್ಕದಲ್ಲಿ ಅವರು ಇಬ್ಬರು ಕಾಳಮ್ಮಂದಿರು. ಒಂದೇ ಊರಿನ ಐವರು ಪುಟ್ಟಮ್ಮಂದಿರನ್ನು ಒಬ್ಬರೆಂದು ತಿಳಿಯುವ ತಪ್ಪೂ ಆಗುತ್ತದೆ.

ನೆರೆಯ ತೆಲಂಗಾಣದಲ್ಲಿ ಆದದ್ದು ಇದೇ. ಅಲ್ಲಿನ ‘ಸಮಗ್ರ ವೇದಿಕೆ’ ಎಂಬ ತಂತ್ರಾಂಶ ಹತ್ತಾರು ಇಲಾಖೆಗಳ ಪಟ್ಟಿಗಳನ್ನು ಬೆಸೆದು ಅನರ್ಹರನ್ನು ಹುಡುಕುತ್ತಿತ್ತು. ಹೈದರಾಬಾದಿನ ಒಂದು ಬಡ ಕುಟುಂಬದ ಯಜಮಾನನ ಹೆಸರು, ಕಾರು ಇದ್ದ ಬೇರೊಬ್ಬನ ಹೆಸರಿನ ಹತ್ತಿರ ಬಂದ ಕಾರಣಕ್ಕೆ ಆ ಮನೆಯ ರೇಷನ್ ಹೋಯಿತು ಎಂಬುದನ್ನು 2024ರ ಆರಂಭದಲ್ಲಿ ಪತ್ರಕರ್ತರು ಬಯಲಿಗೆ ತಂದರು. ಅದಕ್ಕೂ ಮೊದಲೇ, 2022ರ ಏಪ್ರಿಲ್‌ನಲ್ಲಿ, ರದ್ದಾದ ಕಾರ್ಡುಗಳನ್ನೆಲ್ಲ ಮತ್ತೆ ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ ಆ ರಾಜ್ಯಕ್ಕೆ ಹೇಳಿತ್ತು.

ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಸಾಲುಸಾಲಾಗಿ ರದ್ದಾದವು, ಎಪಿಎಲ್‌ಗೆ ಬದಲಾದವು. ಸಾಲ ಪಡೆಯಲೆಂದು ಆದಾಯ ತೆರಿಗೆ ವಿವರ ಸಲ್ಲಿಸಿದ, ಆದರೆ ಒಂದು ರೂಪಾಯಿ ತೆರಿಗೆಯನ್ನೂ ಕಟ್ಟದ ಜನ ಸಿಕ್ಕಿಬಿದ್ದರು. ಗದ್ದಲ ಎದ್ದ ಮೇಲೆ ಅರ್ಹರ ಕಾರ್ಡು ವಾಪಸು ಕೊಡಿ ಎಂದು ಮುಖ್ಯಮಂತ್ರಿಯೇ ಹೇಳಬೇಕಾಯಿತು. ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಸಿಕ್ಕಿತು. ತೆರಿಗೆಯ ಮುಖವನ್ನೇ ನೋಡದ ಹೆಣ್ಣುಮಕ್ಕಳನ್ನು ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರೆಂದು ತಂತ್ರಾಂಶ ತೋರಿಸಿ ಹಣ ತಡೆದ ದೂರು ಅದರಲ್ಲೂ ರಾಜ್ಯದ ಹಲವು ಕಡೆಯಿಂದ ಬಂತು.

ಯಂತ್ರದ ಒಳ್ಳೆಯ ಮುಖವನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಇದೇ ಫ್ರೂಟ್ಸ್ ದತ್ತಾಂಶ ಹಿಡಿದು, ಮಕ್ಕಳು ಅರ್ಜಿ ಹಿಡಿದು ಅಲೆಯುವುದನ್ನು ತಪ್ಪಿಸಿ, ವಿದ್ಯಾರ್ಥಿವೇತನವನ್ನು ನೇರವಾಗಿ ಖಾತೆಗೆ ಹಾಕಿತು. ದಲ್ಲಾಳಿ ಇಲ್ಲ, ಸರತಿ ಇಲ್ಲ. ಆದರೆ ಮೊದಲ ಹಂತದಲ್ಲಿ ಅದು ತಲುಪಿದ್ದು ಭೂಮಿ ಇದ್ದವರ ಮಕ್ಕಳನ್ನು, ಏಕೆಂದರೆ ಯಂತ್ರಕ್ಕೆ ಗೊತ್ತಿದ್ದವರು ಅವರೇ. ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಅದು ವಿಸ್ತರಣೆಯಾದದ್ದು ಮರುವರ್ಷ. ಯಾರ ವಿವರ ಮೊದಲೇ ಇದೆಯೋ ಅವರಿಗೆ ಸೌಲಭ್ಯ ಮೊದಲು. ಪಕ್ಷಪಾತ ಎಂದರೆ ಕೆಟ್ಟ ಮನಸ್ಸು ಎಂದೇ ನಾವು ತಿಳಿದಿದ್ದೇವೆ. ಇಲ್ಲಿ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಲ್ಲೂ ಅದು ನುಸುಳಿತ್ತು.

ಇದನ್ನು ಅಳೆಯುವ ವಿಧಾನಕ್ಕೆ ಪಕ್ಷಪಾತ ಪರಿಶೋಧನೆ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಲೆಕ್ಕ ಏಳನೇ ತರಗತಿಯದು. ಒಂದು ಪಂಚಾಯಿತಿಯಲ್ಲಿ ಊರಿನವರು 1,900, ಹಾಡಿಯವರು 100 ಜನ ಎನ್ನೋಣ. ಊರಿನಲ್ಲಿ ನೂರಕ್ಕೆ 95 ಜನರ ಹೆಬ್ಬೆಟ್ಟು ಹತ್ತುತ್ತದೆ, ಹಾಡಿಯಲ್ಲಿ 66 ಜನರದು. ಒಟ್ಟು ಲೆಕ್ಕ ತೆಗೆದರೆ ಶೇ 93ಕ್ಕಿಂತ ಹೆಚ್ಚು ಯಶಸ್ಸು. ತಾಲ್ಲೂಕು ಕಚೇರಿಯ ಪರದೆಯ ಮೇಲೆ ಅದು ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಈಗ 66ನ್ನು 95ರಿಂದ ಭಾಗಿಸಿ: 0.69. ಅಮೆರಿಕದಲ್ಲಿ ಉದ್ಯೋಗ ನೇಮಕಾತಿಯ ತಾರತಮ್ಯ ಅಳೆಯಲು 1978ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ ಈ ಅನುಪಾತ 0.80ಕ್ಕಿಂತ ಕೆಳಗಿಳಿದರೆ ಎಚ್ಚರಿಕೆಯ ಗಂಟೆ. ಒಟ್ಟು ಸರಾಸರಿಯಲ್ಲಿ ಕಾಣದ ಅನ್ಯಾಯ ಗುಂಪು ಬಿಡಿಸಿ ನೋಡಿದಾಗ ಕಣ್ಣಿಗೆ ಬೀಳುತ್ತದೆ.

ಸ್ಥಳೀಯ ಸರ್ಕಾರಗಳು ಇದನ್ನು ನಿಯಮವಾಗಿ ತಂದ ಉದಾಹರಣೆಗಳಲ್ಲಿ ಹೆಚ್ಚು ಹೆಸರಾದದ್ದು ನ್ಯೂಯಾರ್ಕ್ ನಗರದ್ದು. ಕೆಲಸಕ್ಕೆ ಜನರನ್ನು ಆರಿಸಲು ತಂತ್ರಾಂಶ ಬಳಸುವ ಕಂಪನಿಗಳು ಸ್ವತಂತ್ರ ಪರಿಶೋಧಕರಿಂದ ವರ್ಷಕ್ಕೊಮ್ಮೆ ಪಕ್ಷಪಾತದ ಲೆಕ್ಕ ತೆಗೆಸಿ ಪ್ರಕಟಿಸಬೇಕು ಎಂಬ ಆ ನಗರದ 2021ರ 144ನೇ ಸ್ಥಳೀಯ ಕಾನೂನು 2023ರ ಜುಲೈ 5ರಿಂದ ಜಾರಿಗೆ ಬಂತು. ಮುಂದೆ ಸಂಶೋಧಕರು 391 ಉದ್ಯೋಗದಾತರನ್ನು ಹುಡುಕಿ ನೋಡಿದಾಗ ಪರಿಶೋಧನಾ ವರದಿ ಪ್ರಕಟಿಸಿದ್ದವರು 18 ಮಂದಿ ಮಾತ್ರ. ತಮ್ಮ ತಂತ್ರಾಂಶ ಈ ನಿಯಮದ ವ್ಯಾಪ್ತಿಗೆ ಬರುತ್ತದೆಯೇ ಇಲ್ಲವೇ ಎಂದು ನಿರ್ಧರಿಸುವ ಅವಕಾಶ ಕಂಪನಿಗಳ ಕೈಯಲ್ಲೇ ಇತ್ತು.

ಅದೇ ನಿಯಮದಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಒಟ್ಟು ದತ್ತಾಂಶದಲ್ಲಿ ಶೇ 2ಕ್ಕಿಂತ ಕಡಿಮೆ ಇರುವ ಗುಂಪನ್ನು ಪರಿಶೋಧಕರು ಅನುಪಾತದ ಲೆಕ್ಕದಿಂದ ಬಿಡಬಹುದು. 2011ರ ಜನಗಣತಿಯಲ್ಲಿ ಕರ್ನಾಟಕದ ಜೇನುಕುರುಬರು ಸುಮಾರು 36 ಸಾವಿರ. ರಾಜ್ಯದ ಜನಸಂಖ್ಯೆ 6.11 ಕೋಟಿ. ಅಂದರೆ ಹತ್ತು ಸಾವಿರ ಜನರಲ್ಲಿ ಆರು ಮಂದಿ. ನ್ಯೂಯಾರ್ಕಿನ ನಿಯಮವನ್ನು ಹಾಗೆಯೇ ತಂದು ಬೆಂಗಳೂರಿನಲ್ಲಿ ಕೂತು ರಾಜ್ಯಮಟ್ಟದ ಪರಿಶೋಧನೆ ಮಾಡಿದರೆ, ಅತಿ ಹೆಚ್ಚು ಪೆಟ್ಟು ತಿನ್ನುವ ಸಮುದಾಯವೇ ವರದಿಯಿಂದ ಕಾನೂನುಬದ್ಧವಾಗಿ ಮಾಯವಾಗಬಹುದು. ಆದ್ದರಿಂದ ಈ ಲೆಕ್ಕ ರಾಜ್ಯದ್ದಾದರೆ ಸಾಲದು, ಜಿಲ್ಲೆಯದ್ದಾದರೂ ಸಾಲದು. ಪಂಚಾಯಿತಿಯ ಮಟ್ಟದಲ್ಲಿ, ಹಾಡಿ ಹಾಡಿ ಬಿಡಿಸಿ ಆಗಬೇಕು. ಅಲ್ಲಿ ನೂರು ಜನ ಎಂದರೆ ಸಣ್ಣ ಸಂಖ್ಯೆಯಲ್ಲ, ಒಂದು ಇಡೀ ಹಾಡಿ.

ಯುರೋಪಿನ ಎರಡು ನಗರಗಳ ಅನುಭವವೂ ಇಲ್ಲಿ ಬೇಕು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸರ್ಕಾರಿ ನೆರವು ಪಡೆಯುವವರಲ್ಲಿ ಯಾರು ಮೋಸ ಮಾಡಬಹುದೆಂದು ಅಂಕ ಕೊಡುವ ತಂತ್ರಾಂಶವಿತ್ತು. ಮುನ್ನೂರಕ್ಕೂ ಹೆಚ್ಚು ವಿವರಗಳನ್ನು ನೋಡುತ್ತಿದ್ದ ಅದು ಹೆಂಗಸರಿಗೆ, ಮಕ್ಕಳೊಂದಿಗರಿಗೆ, ಡಚ್ ಭಾಷೆ ಸರಿಯಾಗಿ ಬಾರದವರಿಗೆ ಅನುಮಾನದ ಅಂಕವನ್ನು ಏರಿಸುತ್ತಿತ್ತು. ನಗರದ್ದೇ ಲೆಕ್ಕಪರಿಶೋಧನಾ ಸಂಸ್ಥೆ ಆಕ್ಷೇಪ ಎತ್ತಿತು, 2021ರಲ್ಲಿ ಅದರ ಬಳಕೆ ನಿಂತಿತು. ಆಮ್‌ಸ್ಟರ್‌ಡ್ಯಾಮ್ ಇನ್ನೂ ಜಾಗ್ರತೆಯಿಂದ ಹೊರಟಿತ್ತು. ನಗರ ಯಾವ ಯಾವ ಅಲ್ಗಾರಿದಮ್ ಬಳಸುತ್ತಿದೆ ಎಂಬ ಪಟ್ಟಿಯನ್ನು ಅದು 2020ರಲ್ಲೇ ಎಲ್ಲರೂ ನೋಡುವಂತೆ ಪ್ರಕಟಿಸಿತು. ನೆರವಿನ ಅರ್ಜಿ ಪರೀಕ್ಷಿಸುವ ತಂತ್ರಾಂಶ ಕಟ್ಟುವಾಗ ಮೊದಲೇ ಪಕ್ಷಪಾತ ಅಳೆಯಿತು. ಡಚ್ಚರಲ್ಲದವರ ಮೇಲೆ ಹೆಚ್ಚು ಅನುಮಾನ ಬರುತ್ತಿದ್ದುದನ್ನು ತಿದ್ದಿ ಪ್ರಯೋಗಕ್ಕೆ ಬಿಟ್ಟರೆ, ಅಲ್ಲಿ ತಪ್ಪು ಇನ್ನೊಂದು ಕಡೆಗೆ ವಾಲಿತು. ನಗರ ಅದನ್ನು ಕೈಬಿಟ್ಟಿತು. ನೆರವು ಪಡೆಯುವವರ ಪ್ರತಿನಿಧಿಗಳ ಮಂಡಳಿ ಈ ತಂತ್ರಾಂಶ ಬೇಡವೆಂದು ಮೊದಲೇ ಹೇಳಿತ್ತು. ಅನುಭವಿಸುವವರನ್ನು ಕೇಳಿದ್ದರೆ ಹಣವೂ ಸಮಯವೂ ಉಳಿಯುತ್ತಿತ್ತು.

ನಮ್ಮ ದೇಶದಲ್ಲಿ ಏನೂ ಇಲ್ಲವೆಂದಲ್ಲ. ತಮಿಳುನಾಡು 2020ರಲ್ಲೇ ಸುರಕ್ಷಿತ ಮತ್ತು ನೈತಿಕ ಕೃತಕ ಬುದ್ಧಿಮತ್ತೆಯ ನೀತಿ ಪ್ರಕಟಿಸಿತು. ಕೇಂದ್ರದ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ 2023ರಲ್ಲಿ ಇಂಥ ವ್ಯವಸ್ಥೆಗಳ ನ್ಯಾಯಪರತೆ ಅಳೆಯುವ ಮಾನದಂಡ ಹೊರಡಿಸಿತು, ಆದರೆ ಅದು ಇಷ್ಟವಿದ್ದವರಿಗೆ ಮಾತ್ರ. 2025ರ ನವೆಂಬರ್‌ನಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ನಿಯಮಗಳು ಅಲ್ಗಾರಿದಮ್ ಜನರ ಹಕ್ಕಿಗೆ ಧಕ್ಕೆ ತಾರದಂತೆ ನೋಡಿಕೊಳ್ಳಿ ಎಂದು ಹೇಳುವುದು ಸರ್ಕಾರ ಗುರುತಿಸುವ ಭಾರಿ ದತ್ತಾಂಶ ಸಂಸ್ಥೆಗಳಿಗೆ. ನ್ಯಾಯಬೆಲೆ ಅಂಗಡಿಯ ಸರತಿಯವರೆಗೆ ಇವು ಯಾವುವೂ ಇಳಿದಿಲ್ಲ.

ಸಂತೆಯ ತಕ್ಕಡಿಗೆ ಕಾನೂನು ಮಾಪನ ಇಲಾಖೆ ನಿಗದಿತ ಅವಧಿಗೊಮ್ಮೆ ಮುದ್ರೆ ಒತ್ತುತ್ತದೆ. ಮುದ್ರೆ ಇಲ್ಲದ ತಕ್ಕಡಿ ಇಟ್ಟ ವ್ಯಾಪಾರಿಗೆ ದಂಡ. ಒಂದು ಕುಟುಂಬದ ಅನ್ನವನ್ನೇ ತೂಗುವ ತಂತ್ರಾಂಶಕ್ಕೆ ಆ ಮುದ್ರೆ ಒತ್ತುವವರು ಯಾರು? ನನ್ನ ಉತ್ತರ ಗ್ರಾಮಸಭೆ. ತಂತ್ರಾಂಶದ ಒಳಗಿನ ಸಂಕೇತಗಳನ್ನು ಓದಲು ಗ್ರಾಮಸಭೆಗೆ ಬರುವುದಿಲ್ಲ, ಓದಬೇಕಾದ ಅಗತ್ಯವೂ ಇಲ್ಲ. ಅದರ ಫಲಿತಾಂಶವನ್ನು ಓದಲು ಗ್ರಾಮಸಭೆಗಿಂತ ಬಲ್ಲವರು ಬೇರೆ ಇಲ್ಲ. ಯಾವ ಪುಟ್ಟಮ್ಮನಿಗೆ ಕಾರಿಲ್ಲ, ಯಾವ ಮಾಸ್ತಿ ಕೊಡಗಿಗೆ ಹೋಗಿದ್ದಾನೆ ಎಂಬುದು ಊರಿಗೆ ಗೊತ್ತು. ಫಲಾನುಭವಿಗಳ ಆಯ್ಕೆಯಲ್ಲಿ ವಾರ್ಡ್ ಸಭೆ, ಗ್ರಾಮಸಭೆಗಳಿಗೆ ನಮ್ಮ ಪಂಚಾಯತ್ ರಾಜ್ ಕಾಯ್ದೆ ಅಧಿಕಾರ ಕೊಟ್ಟಿದೆ. ಪಂಚಾಯಿತಿಯ ಖರ್ಚು-ಕಾಮಗಾರಿಗಳನ್ನು ವರ್ಷಕ್ಕೊಮ್ಮೆ ಜನರೆದುರು ತೆರೆದಿಡುವ ಜಮಾಬಂದಿ ಇದೆ. ಉದ್ಯೋಗ ಖಾತರಿಯ ಜೊತೆಗೆ ಬಂದ ಸಾಮಾಜಿಕ ಪರಿಶೋಧನೆಯಲ್ಲಿ ಕೂಲಿಕಾರರೇ ಎದ್ದುನಿಂತು ಹಾಜರಿ ಪಟ್ಟಿಯನ್ನು ಪ್ರಶ್ನಿಸಿದ್ದಾರೆ. ಹಾಜರಿ ಪಟ್ಟಿ ಇಂದು ಆ್ಯಪ್‌ನೊಳಗೆ ಹೋಗಿದೆ ಎಂಬ ಕಾರಣಕ್ಕೆ ಆ ಪ್ರಶ್ನೆ ನಿಲ್ಲಬೇಕಾಗಿಲ್ಲ.

ಕಾನೂನಿನ ಬಲವೂ ಇದೆ. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಡಿ) ಕಲಮಿನಂತೆ ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಸರ್ಕಾರಿ ಕಚೇರಿಯ ಕರ್ತವ್ಯ. ತೀರ್ಮಾನ ಮಾಡಿದ್ದು ಗುಮಾಸ್ತನೋ ಗಣಕಯಂತ್ರವೋ ಎಂಬ ಭೇದವನ್ನು ಆ ಕಲಮು ಮಾಡಿಲ್ಲ. ಬೆರಳು ಹತ್ತದ ಕಾರಣಕ್ಕೆ ಯಾರಿಗೂ ರೇಷನ್ ನಿರಾಕರಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಬರೆದಿದೆ. ಆಧಾರ್ ಪ್ರಶ್ನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಇಂದಿಗೂ ಅವರ ಹೆಸರಿನಲ್ಲಿದೆ. ಅದೇ ಖಾಸಗಿತನದ ಸಲುವಾಗಿ ಗ್ರಾಮಸಭೆಯಲ್ಲಿ ಹೆಸರು, ಆಧಾರ್, ಬ್ಯಾಂಕ್ ವಿವರ ಓದಬಾರದು. ಓದಬೇಕಾದ್ದು ಸಂಖ್ಯೆ: ಯಾವ ಊರು, ಯಾವ ಹಾಡಿ, ಎಷ್ಟು ಮಂದಿಯನ್ನು ತಂತ್ರಾಂಶ ತಿರಸ್ಕರಿಸಿತು, ಯಾವ ಕಾರಣಕ್ಕೆ, ಮರುಪರಿಶೀಲನೆಯಲ್ಲಿ ಎಷ್ಟು ಮಂದಿ ಅರ್ಹರೆಂದು ಕಂಡುಬಂದರು.

ಅಧಿಕಾರಿಗಳ ಮಾತನ್ನೂ ಕೇಳಬೇಕು. ಬೋಗಸ್ ಕಾರ್ಡು ಸುಳ್ಳಲ್ಲ. ಎನ್‌ಎಂಎಂಎಸ್‌ಗೆ ಸಂಬಂಧವೇ ಇಲ್ಲದ ಚಿತ್ರಗಳನ್ನು, ಫೋಟೊದ ಫೋಟೊವನ್ನು ಏರಿಸಿ ಹಾಜರಿ ಹಾಕಿದ್ದನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ಪಟ್ಟಿ ಮಾಡಿ ರಾಜ್ಯಗಳಿಗೆ ಬರೆಯಿತು. ಆದರೆ ಆ ಪತ್ರದಲ್ಲಿ ಸೂಚಿಸಿದ ಪರಿಹಾರ ಏನು? ಫೋಟೊಗಳನ್ನು ಗ್ರಾಮ ಪಂಚಾಯಿತಿಯಲ್ಲಿ ಮನುಷ್ಯರು ಕೂತು ಪರಿಶೀಲಿಸಬೇಕೆಂಬುದು. ಕಳ್ಳನನ್ನು ತಡೆಯಲಾಗದ ಯಂತ್ರ ಕೂಲಿಯವನನ್ನು ಮಾತ್ರ ತಡೆಯುತ್ತಿದ್ದರೆ ಅದನ್ನು ಸಮರ್ಥಿಸುವುದು ಕಷ್ಟ.

ಗ್ರಾಮ ಪಂಚಾಯಿತಿ ತಾನೇ ಕಾಯ್ದೆ ಮಾಡಲಾರದು. ರಾಜ್ಯ ಸರ್ಕಾರ ಒಂದು ನಿಯಮ ಹೊರಡಿಸಬೇಕು. ಸೌಲಭ್ಯ ಕೊಡುವ ಅಥವಾ ತಡೆಯುವ ಪ್ರತಿ ತಂತ್ರಾಂಶದ ಹೆಸರು, ಅದು ನೋಡುವ ವಿವರಗಳು, ಅದರ ತೀರ್ಮಾನ ಬದಲಿಸುವ ಅಧಿಕಾರ ಇರುವ ಅಧಿಕಾರಿಯ ಹುದ್ದೆ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಇರಬೇಕು. ತಿರಸ್ಕಾರವಾದರೆ ಕಾರಣ ಲಿಖಿತವಾಗಿ ಬರಬೇಕು. ಕಾರಣ ತಿಳಿಸಿ, ಅವಧಿ ಕೊಟ್ಟು, ಆಕ್ಷೇಪ ಕೇಳುವವರೆಗೆ ಬರುತ್ತಿದ್ದ ಸೌಲಭ್ಯ ನಿಲ್ಲಬಾರದು. ಗಿಗ್ ಕಾರ್ಮಿಕನಿಗೆ 14 ದಿನ ಕೊಟ್ಟ ಸರ್ಕಾರಕ್ಕೆ ಇದು ಹೊಸ ವಿಚಾರವಲ್ಲ. ‘ಸಕಾಲ’ದಲ್ಲಿ ಅರ್ಜಿಗೆ ಗಡುವು ಹಾಕಿ ಅನುಭವವೂ ಇದೆ. ಪಂಚಾಯಿತಿ ಸದಸ್ಯರಿಗೆ ಈ ಲೆಕ್ಕ ಕಲಿಸಲು ದೂರ ಹೋಗಬೇಕಿಲ್ಲ. ಪಂಚಾಯತ್ ರಾಜ್‌ಗೆ ಜೀವ ತುಂಬಿದ ಅಬ್ದುಲ್ ನಜೀರ್ ಸಾಬರ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲೇ ಇದೆ.

ನಿಯಮ ಬರುವವರೆಗೆ ಕಾಯಬೇಡಿ. ನಿಮ್ಮ ಮುಂದಿನ ಗ್ರಾಮಸಭೆಗೆ ಹೋಗಿ ಪಿಡಿಒ ಅವರನ್ನು ಇಷ್ಟು ಕೇಳಿ: ಈ ವರ್ಷ ನಮ್ಮ ಪಂಚಾಯಿತಿಯಲ್ಲಿ ಎಷ್ಟು ಜನರ ರೇಷನ್, ಗೃಹಲಕ್ಷ್ಮಿ, ಕೂಲಿ, ಅಂಗನವಾಡಿ ಆಹಾರ ತಂತ್ರಾಂಶದ ಕಾರಣಕ್ಕೆ ನಿಂತಿದೆ? ಅವರಲ್ಲಿ ಹಾಡಿಯವರು ಎಷ್ಟು? ಎಷ್ಟು ಮಂದಿಗೆ ಕಾರಣ ಬರೆದುಕೊಟ್ಟಿದ್ದೀರಿ? ಉತ್ತರ ಅವರ ಬಳಿ ಇಲ್ಲದಿದ್ದರೆ ಸಂಬಂಧಪಟ್ಟ ಇಲಾಖೆಗಳಿಂದ ತರಿಸಿಕೊಡಿ ಎಂದು ಕೇಳಿ, ಆ ಪ್ರಶ್ನೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಪಡೆದುಕೊಳ್ಳಿ.